ರಸ್ಟ್ ಯೋಜನೆಗಳಲ್ಲಿ ನಿರಂತರ ಏಕೀಕರಣ ಪರೀಕ್ಷೆ

ನಿರಂತರ ಏಕೀಕರಣ ಎಂಬುದು ಹಲವರು ಕೂಡಿ ತಂತ್ರಾಂಶ ರಚಿಸುವಾಗ ಪ್ರತಿಯೊಬ್ಬರ ಬದಲಾವಣೆಯನ್ನೂ ಆಗಾಗ್ಗೆ ಮುಖ್ಯ ಶಾಖೆಗೆ ಸೇರಿಸುತ್ತ, ಪ್ರತಿ ಬಾರಿಯೂ ಯಂತ್ರದಿಂದಲೇ ಪರೀಕ್ಷಿಸುವ ಪದ್ಧತಿ. ರಸ್ಟ್ ಭಾಷೆಯ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಇದು ವ್ಯಾಪಕ ಬಳಕೆಯಲ್ಲಿದೆ.

ಅಗತ್ಯ

ಮುಕ್ತ ಯೋಜನೆಗೆ ಪರಸ್ಪರ ಪರಿಚಯವಿಲ್ಲದವರೂ ಕೋಡ್ ಕಳುಹಿಸುತ್ತಾರೆ. ರಸ್ಟ್ ಕಂಪೈಲರ್ ಮೆಮೊರಿ ಸಂಬಂಧಿ ದೋಷಗಳನ್ನು ಬಹುಮಟ್ಟಿಗೆ ತಡೆಯುತ್ತದಾದರೂ ತರ್ಕದೋಷವನ್ನು ಅರಿಯದು. ಬಡ್ಡಿಯನ್ನು ಕೂಡುವಲ್ಲಿ ಕಳೆದಿದ್ದರೂ ಪ್ರೋಗ್ರಾಮ್ ಕಂಪೈಲ್ ಆಗುತ್ತದೆ. ಅದನ್ನು ಹಿಡಿಯಲು ಪರೀಕ್ಷೆಗಳೇ ಬೇಕು.

ಹಿನ್ನೆಲೆ

ಗ್ರೇಡನ್ ಹೋರ್ 2006ರಲ್ಲಿ ಆರಂಭಿಸಿದ ರಸ್ಟ್‌ನ 1.0 ಆವೃತ್ತಿ 2015ರ ಮೇ 15ರಂದು ಬಿಡುಗಡೆಯಾಯಿತು. ಒಬ್ಬರು ಫಂಕ್ಷನ್ ಒಂದರ ಹೆಸರು ಬದಲಿಸಿ, ಇನ್ನೊಬ್ಬರು ಹಳೆಯ ಹೆಸರನ್ನೇ ಬಳಸಿದರೆ, ಬಿಡಿಯಾಗಿ ಎರಡೂ ಸರಿಯಿದ್ದು ಸೇರಿದಾಗ ಕೆಡುತ್ತವೆ. ಆದ್ದರಿಂದ ರಸ್ಟ್ ಯೋಜನೆಯು ಬಾರ್ಸ್ ಎಂಬ ಸ್ವಯಂಚಾಲಿತ ಸಾಧನವನ್ನು ಬಳಸಿತು. ಅದು ಸೇರ್ಪಡೆಯ ಫಲಿತಾಂಶವನ್ನು ಮೊದಲು ಪರೀಕ್ಷಿಸಿ, ತೇರ್ಗಡೆಯಾದರೆ ಮಾತ್ರ ಮುಖ್ಯ ಶಾಖೆಗೆ ಒಯ್ಯುತ್ತದೆ.

ಸ್ಥಾಪನೆ

ಗಿಟ್‌ಹಬ್‌ನಲ್ಲಿರುವ ಯೋಜನೆಗಳು ಸಾಮಾನ್ಯವಾಗಿ ಗಿಟ್‌ಹಬ್ ಆಕ್ಷನ್ಸ್ ಸೇವೆಯನ್ನು ಬಳಸುತ್ತವೆ. ಯೋಜನೆಯೊಳಗಿನ ಯಾಮಲ್ ಕಡತದಲ್ಲಿ ಕೆಲಸಗಳನ್ನು ಬರೆದಿಡಲಾಗುತ್ತದೆ. ಮುಖ್ಯ ಹಂತಗಳು:

• ಕಾರ್ಗೋ ಎಫ್‌ಎಮ್‌ಟಿ: ಬರವಣಿಗೆಯ ಶೈಲಿಯ ತಪಾಸಣೆ.
• ಕಾರ್ಗೋ ಕ್ಲಿಪ್ಪಿ: ಸಂಶಯಾಸ್ಪದ ರಚನೆಗಳ ಬಗ್ಗೆ ಎಚ್ಚರಿಕೆ.
• ಕಾರ್ಗೋ ಟೆಸ್ಟ್: ಪರೀಕ್ಷೆಗಳನ್ನೂ ಲೈಬ್ರರಿಯ ದಸ್ತಾವೇಜಿನಲ್ಲಿರುವ ಉದಾಹರಣೆಗಳನ್ನೂ ನಡೆಸುವುದು.

ರಸ್ಟ್‌ನ ಸ್ಥಿರ ಆವೃತ್ತಿ ಆರು ವಾರಗಳಿಗೊಮ್ಮೆ ಹೊರಬರುವುದರಿಂದ, ಸ್ಥಿರ ಆವೃತ್ತಿಯ ಜೊತೆಗೆ ಬೀಟಾದಲ್ಲೂ ಯೋಜನೆ ಬೆಂಬಲಿಸುವ ಕನಿಷ್ಠ ಆವೃತ್ತಿಯಲ್ಲೂ ಪರೀಕ್ಷಿಸುವುದು ರೂಢಿ. ಕಂಪೈಲ್ ಆದ ಅವಲಂಬನೆಗಳನ್ನು ಕ್ಯಾಶ್‌ನಲ್ಲಿ ಉಳಿಸಿಕೊಂಡರೆ ಸಮಯ ಉಳಿಯುತ್ತದೆ.

ಎಚ್ಚರಿಕೆಗಳು

ಪರೀಕ್ಷೆ ಅನುತ್ತೀರ್ಣವಾದರೆ ಸೇರ್ಪಡೆಯನ್ನು ತಡೆಯುವಂತೆ ಮುಖ್ಯ ಶಾಖೆಗೆ ರಕ್ಷಣಾ ನಿಯಮ ವಿಧಿಸಬೇಕು; ಇಲ್ಲದಿದ್ದರೆ ಕೆಂಪು ಗುರುತು ಕೇವಲ ಸೂಚನೆಯಾಗಿ ಉಳಿಯುತ್ತದೆ. ಕಂಪೈಲ್ ಮಾಡುವಾಗಲೂ ಬಿಲ್ಡ್ ಸ್ಕ್ರಿಪ್ಟ್ ಮೂಲಕ ಅಪರಿಚಿತರ ಕೋಡ್ ಚಾಲನೆಗೊಳ್ಳಬಲ್ಲದು. ಆದಕಾರಣ ಹೊರಗಿನ ಕೋಡ್ ಪರೀಕ್ಷಿಸುವ ಕೆಲಸಕ್ಕೆ ಪ್ರಕಟಣೆಯ ಗುಪ್ತಕೀಲಿಗಳನ್ನು ಕೊಡಬಾರದು.

ಕರ್ನಾಟಕದ ಉದಾಹರಣೆ

ಬೆಂಗಳೂರಿನ ಜಸ್‌ಪೇ ಸಂಸ್ಥೆಯ ಹೈಪರ್‌ಸ್ವಿಚ್ ಎಂಬ ಪಾವತಿ ತಂತ್ರಾಂಶವು ರಸ್ಟ್‌ನಲ್ಲಿ ರಚಿತವಾಗಿದ್ದು, ಅಪಾಚೆ 2.0 ಪರವಾನಗಿಯಡಿ ಗಿಟ್‌ಹಬ್‌ನಲ್ಲಿ ಮುಕ್ತವಾಗಿ ಲಭ್ಯವಿದೆ. ಬಂದ ಬದಲಾವಣೆಗಳನ್ನು ಅಲ್ಲಿಯೂ ಗಿಟ್‌ಹಬ್ ಆಕ್ಷನ್ಸ್ ಮೂಲಕ ತಪಾಸಣೆಗೆ ಒಳಪಡಿಸಲಾಗುತ್ತದೆ. ಹಣದ ವ್ಯವಹಾರ ನಡೆಸುವ ತಂತ್ರಾಂಶದಲ್ಲಿ ಸಣ್ಣ ತರ್ಕದೋಷವೂ ಬಳಕೆದಾರರಿಗೆ ನಷ್ಟ ಉಂಟುಮಾಡಬಹುದಾದ್ದರಿಂದ ಇಂತಹ ಪರೀಕ್ಷೆಗೆ ಹೆಚ್ಚಿನ ಮಹತ್ವವಿದೆ.