‘ಓದೋಕೆ ಮನಸ್ಸೇ ಇಲ್ಲ’ ಎನ್ನುವ ಮಕ್ಕಳು: 21 ದಿನದ ಸೂತ್ರ, ಬಹುಮಾನ, ಬೆಳಗಿನ ಜಾವದ ಓದು – ಇವುಗಳಲ್ಲಿ ನಿಜವೆಷ್ಟು?

ಪರೀಕ್ಷೆ ಹತ್ತಿರ ಬಂತೆಂದರೆ ಊರಿನ, ಶಾಲೆಯ, ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಸುತ್ತತೊಡಗುತ್ತವೆ. ಮಗುವನ್ನು 21 ದಿನ ಬೆಳಗಿನ ಜಾವ 4 ಗಂಟೆಗೆ ಎಬ್ಬಿಸಿ ಓದಿಸಿದರೆ ಓದು ಅಭ್ಯಾಸವಾಗಿಬಿಡುತ್ತದೆ. ಫಸ್ಟ್ ಕ್ಲಾಸ್ ಬಂದರೆ ಫೋನ್ ಕೊಡಿಸುತ್ತೇನೆ ಎನ್ನಿ, ತಾನಾಗಿ ಓದುತ್ತದೆ. ‘ನೀನು ಬುದ್ಧಿವಂತ’ ಎಂದು ದಿನಕ್ಕೆ ಹತ್ತು ಸಲ ಹೇಳಿ, ಮೆದುಳು ಅದನ್ನೇ ನಂಬುತ್ತದೆ. ಕೊನೆಯಲ್ಲಿ ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ಸಾಲು ಇದ್ದೇ ಇರುತ್ತದೆ. ವಿಜ್ಞಾನಿಗಳು ನಿಜವಾಗಿ ಕಂಡುಹಿಡಿದಿರುವುದು ಏನು ಎಂದು ನೋಡಿದರೆ, ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಈ ವಿಷಯಕ್ಕೆ ತೂಕ ಹೆಚ್ಚು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಇದು. ಶೇಂಗಾ ಕೈಕೊಟ್ಟ ವರ್ಷ ಮನೆಯವರು ಗುಳೆ ಹೋಗುತ್ತಾರೆ. ‘ಇವನಿಗೆ ಓದು ಹತ್ತಲ್ಲ ಬಿಡಿ’ ಎಂಬ ಒಂದು ಮಾತು ಸಾಕು, ಒಂಬತ್ತನೇ ಕ್ಲಾಸಿನ ಹುಡುಗ ಕೂಲಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಟುಬಿಡುತ್ತಾನೆ. ಹುಡುಗಿಯಾದರೆ ಮದುವೆಯ ಮಾತು ಶುರುವಾಗುತ್ತದೆ. ಆದ್ದರಿಂದ ಆ ಮಾತನ್ನು ಆಡುವ ಮೊದಲು, ಆಸಕ್ತಿ ಎಂಬುದು ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

21 ದಿನದ ಲೆಕ್ಕ ಬಂದದ್ದು ಎಲ್ಲಿಂದ?

ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಶಸ್ತ್ರಚಿಕಿತ್ಸೆ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ 21 ದಿನ ಬೇಕಾಗುತ್ತದೆ ಎಂಬುದು ಅವರು ಗಮನಿಸಿದ ಸಂಗತಿ. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆಯೆಂದರೂ’ ಎಂಬ ಪದ ಬಿದ್ದುಹೋಯಿತು, ಮುಖದ ಜಾಗದಲ್ಲಿ ಎಲ್ಲ ಅಭ್ಯಾಸಗಳೂ ಬಂದು ಕೂತವು.

ಇದನ್ನು ಸರಿಯಾಗಿ ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರನ್ನು ಗಮನಿಸಿದಾಗ, ಒಂದು ಕೆಲಸ ತಾನಾಗಿ ನಡೆಯುವ ಹಂತಕ್ಕೆ ಬರಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗುವ ಲೆಕ್ಕ ಸಿಕ್ಕಿತು. ಇನ್ನೊಂದು ಸಂಗತಿಯೂ ಕಂಡಿತು: ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲಿಲ್ಲ. ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ಹೋಗಿ ಎರಡು ದಿನ ಪುಸ್ತಕ ಮುಟ್ಟದ ಮಗುವಿಗೆ ‘ಎಲ್ಲಾ ಹಾಳಾಯ್ತು’ ಎಂದು ಬೈಯುವ ಅಗತ್ಯವಿಲ್ಲ. ಮೂರನೇ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತರೆ ಆಯಿತು.

ಫೋನ್ ಕೊಡಿಸುತ್ತೇನೆ ಎಂದರೆ ಓದುತ್ತದೆಯೇ?

1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಲೆಪ್ಪರ್ ಮತ್ತಿಬ್ಬರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರೂ ಚಿತ್ರ ಬರೆಯಲು ಇಷ್ಟಪಡುವ ಮಕ್ಕಳೇ. ಒಂದು ಗುಂಪಿಗೆ ‘ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟರು. ಇನ್ನೊಂದು ಗುಂಪಿಗೆ ಹೇಳದೆ, ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಬಹುಮಾನದ ಆಸೆಗೆ ಬರೆದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಆಟವಾಗಿದ್ದದ್ದು ಕೂಲಿಯಾಗಿತ್ತು.

ಹಾಗೆಂದು ಬಹುಮಾನವೇ ವಿಷ ಎಂದೂ ಅಲ್ಲ. ಆಸಕ್ತಿಯೇ ಇಲ್ಲದ ಕಡೆ ಕಳೆದುಕೊಳ್ಳಲು ಏನಿರುತ್ತದೆ? ಅರ್ಥಶಾಸ್ತ್ರಜ್ಞ ರೋಲಂಡ್ ಫ್ರಯರ್ ಅಮೆರಿಕದ ಶಾಲೆಗಳಲ್ಲಿ ಮಕ್ಕಳಿಗೆ ನೇರವಾಗಿ ಹಣ ಕೊಟ್ಟು ನೋಡಿದ್ದಾರೆ. ಪರೀಕ್ಷೆಯ ಅಂಕಕ್ಕೆ ಹಣ ಕೊಟ್ಟ ಊರುಗಳಲ್ಲಿ ಅಂಕ ಏರಲಿಲ್ಲ. ಪುಸ್ತಕ ಓದಿದ್ದಕ್ಕೆ ಹಣ ಕೊಟ್ಟ ಕಡೆ ಸ್ವಲ್ಪ ಫಲ ಕಂಡಿತು. ಕಾರಣ ಸರಳ. ಮಕ್ಕಳಿಗೆ ಅಂಕ ಬೇಕು ಎಂಬ ಆಸೆ ಇತ್ತು, ಅಂಕ ತರುವುದು ಹೇಗೆ ಎಂಬುದು ಗೊತ್ತಿರಲಿಲ್ಲ. ಕೊಡಲೇಬೇಕೆಂದರೆ ‘90 ಪರ್ಸೆಂಟ್ ತಗೊಂಡ್ ಬಾ’ ಎಂಬುದಕ್ಕಲ್ಲ, ‘ಇವತ್ತು ಈ ಐದು ಲೆಕ್ಕ ಮಾಡು’ ಎಂಬುದಕ್ಕೆ ಕೊಡಿ. ಅದೂ ಫೋನಿನಷ್ಟು ದೊಡ್ಡದು ಬೇಡ.

ಹೊಗಳಿಕೆಯದೂ ಇದೇ ಕಥೆ. 1998ರಲ್ಲಿ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಕಷ್ಟದ ಲೆಕ್ಕ ಎದುರಾದಾಗ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಕಷ್ಟಪಟ್ಟೆ’ ಎನ್ನಿಸಿಕೊಂಡವರು ಮುಂದುವರಿಸಿದರು. ಆದರೆ ‘ಮನಸ್ಸಿದ್ದರೆ ಮಾರ್ಗ’ ಎಂಬ ಈ ಬಗೆಯ ಪಾಠಗಳಿಂದ ಪವಾಡ ನಿರೀಕ್ಷಿಸಬೇಡಿ. ಆಮೇಲೆ ಸಾವಿರಾರು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಸಿಕ್ಕ ಲಾಭ ಬಹಳ ಚಿಕ್ಕದು.

ಆಸಕ್ತಿ ಮೊದಲೋ, ಕಲಿಕೆ ಮೊದಲೋ?

ಫಾರ್ವರ್ಡ್‌ಗಳು ಹೇಳದೆ ಬಿಡುವ ಸಂಗತಿ ಇದು. ಆಸಕ್ತಿ ಬಂದ ಮೇಲೆ ಮಗು ಕಲಿಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಕೆನಡಾದ ಸುಮಾರು ಒಂದೂವರೆ ಸಾವಿರ ಮಕ್ಕಳನ್ನು ಒಂದನೇ ತರಗತಿಯಿಂದ ನಾಲ್ಕನೇ ತರಗತಿವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಗಣಿತದಲ್ಲಿ ಚೆನ್ನಾಗಿ ಮಾಡಿದ ಮಕ್ಕಳಿಗೆ ಮುಂದಿನ ವರ್ಷಗಳಲ್ಲಿ ಗಣಿತದ ಮೇಲೆ ಆಸಕ್ತಿ ಬೆಳೆದದ್ದು ಕಂಡಿತು. ಬರೀ ಆಸಕ್ತಿ ಇದ್ದದ್ದರಿಂದ ಮುಂದೆ ಅಂಕ ಏರಿದ್ದು ಕಾಣಲಿಲ್ಲ. ಬಂದದ್ದರ ಮೇಲೆ ಆಸೆ, ಬಾರದ್ದರ ಮೇಲೆ ಬೇಸರ. ದೊಡ್ಡವರದೂ ಹಾಗೇ ಅಲ್ಲವೇ?

ಈಗ ನಮ್ಮ ಹಳ್ಳಿಗಳ ಸ್ಥಿತಿ ನೋಡಿ. 2023ರ ‘ಅಸರ್’ ಸಮೀಕ್ಷೆ ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಮಾತಾಡಿಸಿತ್ತು. ಸುಮಾರು ಕಾಲು ಭಾಗದವರಿಗೆ ಎರಡನೇ ತರಗತಿಯ ಪಾಠವನ್ನು ತಮ್ಮ ಭಾಷೆಯಲ್ಲೇ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬರುತ್ತಿದ್ದವರು 43 ಪರ್ಸೆಂಟ್ ಮಾತ್ರ. ಭಾಗಾಕಾರ ಬಾರದ ಹುಡುಗನ ಮುಂದೆ ಹತ್ತನೇ ತರಗತಿಯ ತ್ರಿಕೋನಮಿತಿ ಇಟ್ಟು ‘ಗಮನ ಕೊಡೋ’ ಎಂದರೆ ಅವನು ಏನು ಕೊಟ್ಟಾನು? ಮೊಳಕಾಲ್ಮುರು ಗಡಿ ತಾಲ್ಲೂಕು, ಪಕ್ಕದಲ್ಲೇ ರಾಯದುರ್ಗ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯ ಪುಸ್ತಕ ಕನ್ನಡ. ಆ ಮಗುವಿನ ಮೌನವನ್ನು ನಾವು ಎಷ್ಟು ಸಲ ಸೋಮಾರಿತನ ಎಂದು ಕರೆದಿದ್ದೇವೋ!

ಇದಕ್ಕೆ ಪರಿಹಾರವೂ ಪರೀಕ್ಷೆಗೆ ಒಳಗಾಗಿದೆ. ಮಗು ಯಾವ ಕ್ಲಾಸಿನಲ್ಲಿದೆ ಎಂಬುದನ್ನು ಪಕ್ಕಕ್ಕಿಟ್ಟು, ಅದಕ್ಕೆ ಎಲ್ಲಿಯವರೆಗೆ ಬರುತ್ತದೆಯೋ ಅಲ್ಲಿಂದ ದಿನಕ್ಕೊಂದು ಗಂಟೆ ಕಲಿಸುವ ವಿಧಾನವನ್ನು ‘ಪ್ರಥಮ್’ ಸಂಸ್ಥೆ ಬೆಳೆಸಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮೊದಲಾದವರು ಅದನ್ನು ಹಲವು ರಾಜ್ಯಗಳಲ್ಲಿ ಪರೀಕ್ಷಿಸಿ, ಕಲಿಕೆ ಚೆನ್ನಾಗಿ ಸುಧಾರಿಸುತ್ತದೆ ಎಂದು ತೋರಿಸಿದರು. ಮನೆಯಲ್ಲೂ ಮಾಡಬಹುದು. ಹಳೆಯ ನಾಲ್ಕನೇ, ಐದನೇ ತರಗತಿಯ ಗಣಿತ ಪುಸ್ತಕ ಹುಡುಕಿ ತನ್ನಿ, ಮಗು ಮೊದಲು ಎಡವುವ ಪುಟ ಯಾವುದು ಎಂದು ನೋಡಿ, ಅಲ್ಲಿಂದ ಹಿಡಿಯಿರಿ. ತಂಗಿಗೆ ಹೇಳಿಕೊಡುವ ನೆಪದಲ್ಲಿ ಮಾಡಿಸಿದರೆ ಮರ್ಯಾದೆಯೂ ಉಳಿಯುತ್ತದೆ.

ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಕೂತವರಿಗೆ ಸಂಜೆಯ ಹೊತ್ತಿಗೆ ಸೀರೆ ಎಷ್ಟು ಬೆಳೆಯಿತು ಎಂದು ಕಣ್ಣಿಗೆ ಕಾಣುತ್ತದೆ. ಎಳೆ ತಪ್ಪಿದರೆ ಆಗಲೇ ಗೊತ್ತಾಗುತ್ತದೆ. ಓದಿನಲ್ಲಿ ಫಲ ಕಾಣುವುದು ತಿಂಗಳುಗಳ ನಂತರ, ಕೆಂಪು ಇಂಕಿನಲ್ಲಿ. ಪುಸ್ತಕ ಮುಚ್ಚಿ, ಓದಿದ್ದನ್ನು ನೆನಪಿನಿಂದ ಬರೆಯುವುದು ಈ ಕೊರತೆಯನ್ನು ತುಂಬುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಕಂಡಂತೆ, ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರೇ ಮುಂದೆ. ಮಾರ್ಕರ್ ಪೆನ್ನಿನಿಂದ ಇಡೀ ಪುಟ ಹಳದಿ ಮಾಡುವುದು ತೃಪ್ತಿ ಕೊಡುತ್ತದೆ, ನೆನಪು ಕೊಡುವುದು ಕಡಿಮೆ.

ಇಲ್ಲೊಂದು ಸ್ವಾರಸ್ಯ. 1892ರಲ್ಲಿ ಬಿ.ಎಲ್. ರೈಸ್ ಅವರು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಧರ್ಮದ ದಾರಿ ಹಿಡಿದ ಮೇಲೂ ಒಂದು ವರ್ಷ ತಾನು ಹೆಚ್ಚು ಶ್ರಮ ಹಾಕಿರಲಿಲ್ಲ, ಆಮೇಲಷ್ಟೇ ಹಾಕಿದೆ ಎಂದು ಚಕ್ರವರ್ತಿ ಅಲ್ಲಿ ಬರೆಸಿದ್ದಾನೆ. ಶ್ರಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಎಂದೂ ಸೇರಿಸಿದ್ದಾನೆ. ಅವನು ಹೇಳಿದ್ದು ಧರ್ಮದ ವಿಷಯವಾಗಿ. ಆದರೂ ಆ ಬಂಡೆಗಳನ್ನು ನೋಡಲು ಹೋಗುವ ಮಕ್ಕಳಿಗೆ ಇಷ್ಟನ್ನು ಹೇಳಿದರೆ ತಪ್ಪೇನಿಲ್ಲ.

ಮನಸ್ಸಲ್ಲ, ಮೈ ಕೂಡ ನೋಡಿ

ಸದಾ ಸುಸ್ತು, ತೂಕಡಿಕೆ, ಸಿಡಿಮಿಡಿ, ಓದಿದ್ದು ತಲೆಗೆ ಹೋಗದಿರುವುದು. ಇವು ರಕ್ತಹೀನತೆಯ ಲಕ್ಷಣಗಳೂ ಹೌದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–19 ವರ್ಷದ ಹುಡುಗಿಯರಲ್ಲಿ 59 ಪರ್ಸೆಂಟ್, ಹುಡುಗರಲ್ಲಿ 31 ಪರ್ಸೆಂಟ್ ಮಂದಿಗೆ ರಕ್ತಹೀನತೆ ಇದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಇದಕ್ಕಾಗಿಯೇ. ‘ಆ ಮಾತ್ರೆ ತಿಂದರೆ ಮಕ್ಕಳಾಗುವುದಿಲ್ಲ’ ಎಂಬ ಮಾತು ಸುಳ್ಳು. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದೂ ಕಡಿಮೆ. ಕಣ್ಣನ್ನೂ ಮರೆಯಬೇಡಿ. ಚೀನಾದ ಹಳ್ಳಿ ಶಾಲೆಗಳಲ್ಲಿ ದೃಷ್ಟಿದೋಷವಿದ್ದ ಮಕ್ಕಳಿಗೆ ಉಚಿತ ಕನ್ನಡಕ ಕೊಟ್ಟಾಗ ಗಣಿತದ ಅಂಕಗಳು ಏರಿದವು. ಬೋರ್ಡು ಕಾಣದ ಮಗುವಿಗೆ ಪಾಠ ರುಚಿಸುವುದಾದರೂ ಹೇಗೆ?

ಬೆಳಗಿನ ಜಾವ 4ರ ಓದಿನ ಬಗ್ಗೆ: ಆ ಹೊತ್ತಿಗೆ ಯಾವ ಮಾಂತ್ರಿಕ ಶಕ್ತಿಯೂ ಇಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆ ವಯಸ್ಸಿನಲ್ಲಿ ನಿದ್ದೆ ಬರುವುದೇ ಸ್ವಲ್ಪ ತಡ. ರಾತ್ರಿ 8ಕ್ಕೆ ಮಲಗುವ ಮನೆಯಾದರೆ 4ಕ್ಕೆ ಎದ್ದು ಓದಲಿ. 11ರವರೆಗೆ ಟಿವಿ ಓಡುವ ಮನೆಯಲ್ಲಿ 4ಕ್ಕೆ ಎಬ್ಬಿಸಿದರೆ ಕಲಿತದ್ದನ್ನು ಗಟ್ಟಿ ಮಾಡುವ ನಿದ್ದೆಯನ್ನೇ ಕಿತ್ತುಕೊಂಡಂತೆ. ರೀಲ್ಸ್ ನೋಡುವುದರಿಂದ ಡೋಪಮೈನ್ ‘ಖಾಲಿಯಾಗುತ್ತದೆ’ ಎಂಬುದೂ ಸರಿಯಲ್ಲ, ಅದು ಬ್ಯಾಟರಿಯಲ್ಲ. ಆದರೆ ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ ಎಂಬ ಸಲಹೆ ಒಳ್ಳೆಯದೇ. ದೊಡ್ಡವರದ್ದೂ ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಓದಿ ಏನಾಗಬೇಕು?

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ ಇದೆ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆ ವಾಹನ ತಾನಾಗಿ ಇಳಿದದ್ದು ಇಲ್ಲಿಯ ರನ್‌ವೇ ಮೇಲೆ. 2024ರ ಮಾರ್ಚ್ ಮತ್ತು ಜೂನ್‌ನಲ್ಲೂ ಅಂಥ ಪ್ರಯೋಗ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಕೂಡ ಅಲ್ಲೇ ಇದ್ದು, ಶಾಲಾ-ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಕಾಂಪೌಂಡಿನ ಆಚೆ ಇಷ್ಟೆಲ್ಲ ನಡೆದರೂ ಈಚೆಯ ಮಗುವಿಗೆ ಒಳಗೆ ಹೋಗುವ ದಾರಿ ಯಾರೂ ಹೇಳಿರುವುದಿಲ್ಲ. ಡೊಮಿನಿಕನ್ ರಿಪಬ್ಲಿಕ್ ಎಂಬ ದೇಶದಲ್ಲಿ ಎಂಟನೇ ತರಗತಿಯ ಹುಡುಗರಿಗೆ, ಓದಿದವರು ನಿಜಕ್ಕೂ ಎಷ್ಟು ಸಂಪಾದಿಸುತ್ತಾರೆ ಎಂದು ಹೇಳಿದ್ದಷ್ಟಕ್ಕೇ ಅವರು ಶಾಲೆಯಲ್ಲಿ ಉಳಿಯುವ ಕಾಲ ಸ್ವಲ್ಪ ಹೆಚ್ಚಿತು. ‘ವಿಜ್ಞಾನಿ ಆಗು’ ಎನ್ನುವುದಕ್ಕಿಂತ ಐಟಿಐ, ಡಿಪ್ಲೊಮಾ, ನರ್ಸಿಂಗ್‌ಗೆ ಎಷ್ಟು ಅಂಕ ಬೇಕು, ಫೀಸು ಎಷ್ಟು, ಹಾಸ್ಟೆಲ್ ಎಲ್ಲಿದೆ ಎಂದು ಊರಿನ ಓದಿದ ಹುಡುಗಿಯೊಬ್ಬಳಿಂದ ಹೇಳಿಸಿ ನೋಡಿ.

ಅಂಕಗಳ ಬಗ್ಗೆಯೂ ಒಂದು ಮಾತು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಜಿಲ್ಲೆ 96.80 ಪರ್ಸೆಂಟ್‌ನೊಂದಿಗೆ ರಾಜ್ಯಕ್ಕೇ ಮೊದಲು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು, ಜಿಲ್ಲೆ ಮೊದಲ ಸ್ಥಾನ ಕಳೆದುಕೊಂಡಿತು. ಒಂದೇ ವರ್ಷದಲ್ಲಿ ಮಕ್ಕಳ ಹುಮ್ಮಸ್ಸು ಬತ್ತಿಹೋಯಿತು ಎಂದು ಇದರ ಅರ್ಥವಲ್ಲ. ಪರ್ಸೆಂಟೇಜ್ ನೋಡಿ ನಿಮ್ಮ ಮಗುವಿನ ಮನಸ್ಸನ್ನು ಅಳೆಯಬೇಡಿ. 2023-24ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಫೇಲಾದ ದಿನವೇ ಬ್ಯಾಗು ಎತ್ತಿಡಬೇಕಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಕಾಲ ಮಗು ಆಟ, ಗೆಳೆಯರು, ಊಟ ಯಾವುದರಲ್ಲೂ ಆಸಕ್ತಿ ತೋರದಿದ್ದರೆ, ಸಾಯುವ ಮಾತಾಡಿದರೆ, ಅದು ಓದಿನ ಸಮಸ್ಯೆಯಲ್ಲ. ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವುದು, ಬಾಲ್ಯವಿವಾಹದ ಸಿದ್ಧತೆ ಕಂಡರೆ 1098ಕ್ಕೆ ತಿಳಿಸಿ.