ದಾರುಶ್ಶಿಫಾದ ಹೂಗಳು

ಆಸ್ಪತ್ರೆ ಎಂದೊಡನೆ ನಮ್ಮ ಮೂಗಿಗೆ ನೆನಪಾಗುವುದು ಫಿನಾಯಿಲ್ ವಾಸನೆ. ವೃದ್ಧಾಶ್ರಮಗಳಲ್ಲೂ ಬಹುಮಟ್ಟಿಗೆ ಅದೇ. ನೆಲ ಒರೆಸಿದ್ದಾರೆ, ಜಾಗ ಶುಚಿಯಾಗಿದೆ ಎಂಬುದಕ್ಕೆ ಆ ವಾಸನೆಯೇ ಸಾಕ್ಷಿ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಆರೈಕೆಯ ಮನೆಗಳಿಗೆ ಈ ಬಗೆಯ ವಾಸನೆ ಬಂದು ಸುಮಾರು 150 ವರ್ಷಗಳಾಗಿವೆ, ಅಷ್ಟೇ. ಅದಕ್ಕೂ ಮೊದಲು ಹಲವು ಶತಮಾನಗಳ ಕಾಲ ಪನ್ನೀರು, ಚಂದನ, ಅಗರು, ಮಲ್ಲಿಗೆಗಳಿಗೆ ವೈದ್ಯದಲ್ಲಿ ಗೌರವದ ಸ್ಥಾನವಿತ್ತು. ಆ ಚರಿತ್ರೆಯನ್ನು ಒಮ್ಮೆ ತಿರುಗಿ ನೋಡಿದರೆ ನಮ್ಮ ಹಿರಿಯರನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ ಎಂಬುದೂ ತಿಳಿಯುತ್ತದೆ.

ಹಿಂದೆ ಅರಬ್ ಮತ್ತು ಪರ್ಷಿಯನ್ ನಾಡುಗಳಲ್ಲಿ ಆಸ್ಪತ್ರೆಗೆ ‘ಬೀಮಾರಿಸ್ತಾನ’ ಎಂಬ ಹೆಸರಿತ್ತು. ನಮ್ಮ ದಖನಿ ಮನೆಗಳಲ್ಲಿ ಇಂದಿಗೂ ಆಡುವ ‘ಬೀಮಾರ್’ ಎಂಬ ಮಾತೇ ಅದರ ಬೇರು. ಡಮಾಸ್ಕಸ್‌ನಲ್ಲಿ 1154ರಲ್ಲಿ ನೂರುದ್ದೀನ್ ಝಂಗಿ ಒಂದನ್ನು ಕಟ್ಟಿಸಿದ. ಕೈರೋದಲ್ಲಿ 1284ರ ಸುಮಾರಿಗೆ ಸುಲ್ತಾನ ಕಲಾವೂನ್ ಕಟ್ಟಿಸಿದ್ದು ಇನ್ನೂ ದೊಡ್ಡದು. ಇವೆಲ್ಲ ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿದ್ದವು. ಕಲಾವೂನನ ವಕ್ಫ್ ಪತ್ರ ಗಂಡಸು ಹೆಂಗಸು, ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಬಾಗಿಲು ತೆರೆದಿತ್ತು. ರೋಗಿಯ ಊಟವನ್ನು ಮುಚ್ಚಿ ತರಬೇಕು, ಸೆಕೆಗಾಲದಲ್ಲಿ ಗರಿಯ ಬೀಸಣಿಗೆ ಒದಗಿಸಬೇಕು ಎಂಬಂಥ ಸಣ್ಣ ಸಂಗತಿಗಳೂ ಅದರಲ್ಲಿವೆ. ಬೀಸಣಿಗೆಯಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಮಲಗಿದವನಿಗೆ ಹಿತವಾಗಲಿ ಎಂಬ ಕಾಳಜಿ ಅದು. ಅಂಥ ಕಾಳಜಿಯನ್ನು ಪತ್ರದಲ್ಲಿ ಬರೆದು ಕಡ್ಡಾಯ ಮಾಡಿದ್ದು ಗಮನಿಸಬೇಕಾದ ವಿಷಯ.

ಸುಗಂಧವೂ ಈ ಹಿತದ ಭಾಗವೇ. ಪನ್ನೀರನ್ನು ಮೊದಲು ಬಟ್ಟಿ ಇಳಿಸಿದವನು ಇಬ್ನ್ ಸೀನಾ ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಆದರೆ ಅವನು ಹುಟ್ಟುವುದಕ್ಕೆ ಒಂದು ಶತಮಾನ ಮೊದಲೇ ಅಲ್-ಕಿಂದಿ ಎಂಬ ವಿದ್ವಾಂಸನ ಹೆಸರಿನ ಸುಗಂಧಶಾಸ್ತ್ರದ ಗ್ರಂಥದಲ್ಲಿ ಬಟ್ಟಿ ಇಳಿಸುವ ವಿಧಾನಗಳಿವೆ. ಇಬ್ನ್ ಸೀನಾನ (980–1037) ಹಿರಿಮೆ ಬೇರೆಡೆ ಇದೆ. ಪರಿಮಳ ಮನಸ್ಸಿಗೂ ಹೃದಯಕ್ಕೂ ಉಲ್ಲಾಸ ಕೊಡುವುದು ಹೇಗೆ ಎಂದು ಅವನು ವೈದ್ಯನಾಗಿ ಯೋಚಿಸಿದ. ಹೃದಯದ ಔಷಧಿಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಯುನಾನಿ ಹಕೀಮರು ಇಂದಿಗೂ ‘ಮುಫರ್ರಿಹ್’, ಅಂದರೆ ಉಲ್ಲಾಸಕಾರಿ, ಎಂದು ಕರೆಯುವ ಔಷಧಿಗಳ ಹಿಂದೆ ಇರುವುದು ಈ ವಿಚಾರವೇ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದ ಮಾತು ಅವನ ‘ಅಲ್-ಕಾನೂನ್’ ಗ್ರಂಥದಲ್ಲಿದೆ. ಅದರ ಮೊದಲ ಸಂಪುಟದಲ್ಲಿ ಮುದುಕರ ದಿನಚರಿಗೆಂದೇ ಮೀಸಲಾದ ಭಾಗವುಂಟು. ಮುಪ್ಪಿನ ಮಿಜಾಜು ಶೀತ ಮತ್ತು ಶುಷ್ಕ ಎಂಬುದು ಆ ಕಾಲದ ವೈದ್ಯರ ನಂಬಿಕೆ. ಆದ್ದರಿಂದ ಹಿರಿಯರಿಗೆ ಹೆಚ್ಚು ನಿದ್ದೆ ಬೇಕು, ಹದವಾದ ಎಣ್ಣೆ ತಿಕ್ಕಬೇಕು, ಹಿತಮಿತವಾದ ಬಿಸಿಯ ಗುಣವುಳ್ಳ ಸುಗಂಧಗಳನ್ನು ಧಾರಾಳವಾಗಿ ಕೊಡಬೇಕು ಎಂದು ಅವನು ಹೇಳುತ್ತಾನೆ. ಶೀತ, ಶುಷ್ಕದ ಲೆಕ್ಕಾಚಾರವನ್ನು ಆಧುನಿಕ ವೈದ್ಯ ಒಪ್ಪುವುದಿಲ್ಲ. ಆದರೆ ಮುದುಕರ ಸುಖವೂ ವೈದ್ಯನ ಕೆಲಸ ಎಂಬ ಅವನ ತಿಳಿವು ಹಳೆಯದಾಗಿಲ್ಲ.

ಈ ಪರಂಪರೆ ನಮ್ಮ ನಾಡಿಗೂ ಬಂದಿತ್ತು. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಶಾ (1436–1458) ಬೀದರಿನಲ್ಲಿ ಒಂದು ದಾರುಶ್ಶಿಫಾ ಕಟ್ಟಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಔಷಧಿ ಮತ್ತು ಆಹಾರದ ಖರ್ಚಿಗೆ ಗ್ರಾಮಗಳನ್ನು ಉಂಬಳಿ ಬಿಟ್ಟು, ಹಿಂದೂ ವೈದ್ಯರನ್ನೂ ಮುಸ್ಲಿಂ ಹಕೀಮರನ್ನೂ ಒಟ್ಟಿಗೆ ನೇಮಿಸಿದ್ದನಂತೆ. ಮುಂದೆ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ (1580–1627) ಕಾಲಕ್ಕೆ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪರ್ಷಿಯನ್ ಗ್ರಂಥವೇ ರಚನೆಯಾಯಿತು. ಸುಗಂಧಗಳ ತಯಾರಿಕೆಯ ಜೊತೆಗೆ ಅವು ದೇಹದ ಮೇಲೆ ಮಾಡುವ ಪರಿಣಾಮವನ್ನೂ ಅದು ಚರ್ಚಿಸುತ್ತದೆ. ಅದಕ್ಕೂ ಬಹಳ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಧೂಪಭೋಗವನ್ನು ವಿವರಿಸಿದ್ದ. ಪರಿಮಳದ ವಿದ್ಯೆಗೆ ಈ ನೆಲದಲ್ಲಿ ಒಂದೇ ಮೂಲವಿಲ್ಲ; ಹಲವು ಹೊಳೆಗಳು ಸೇರಿದ ನೀರು ಅದು.

ಬೀದರಿನ ದಾರುಶ್ಶಿಫಾ ಆದ ಮೇಲೆ, ಅದೇ ಶತಮಾನದಲ್ಲಿ, ಅದೇ ಹೆಸರಿನ ಇನ್ನೊಂದು ಕಟ್ಟಡ ದೂರದ ತುರ್ಕಿಯಲ್ಲಿ ಎದ್ದಿತು. ಸುಲ್ತಾನ ಎರಡನೆಯ ಬಾಯಝೀದ್ ಎದಿರ್ನೆ ನಗರದ ತುಂಜಾ ನದಿಯ ದಡದಲ್ಲಿ 1484ರಿಂದ 1488ರವರೆಗೆ ಕಟ್ಟಿಸಿದ ಆಸ್ಪತ್ರೆ ಅದು. ನಡುವೆ ಗುಮ್ಮಟದ ಹಜಾರ, ಅದರ ಕೆಳಗೆ ಚಿಲುಮೆ, ಸುತ್ತಲೂ ರೋಗಿಗಳ ಕೋಣೆಗಳು. ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪ್ರವಾಸಿ ಎವ್ಲಿಯಾ ಚೆಲೆಬಿ ತಾನು ಕಂಡದ್ದನ್ನು ಬರೆದಿಟ್ಟ. ಮನಸ್ಸಿನ ಸ್ಥಿಮಿತ ಕಳೆದುಕೊಂಡವರಿಗಾಗಿ ವಾರಕ್ಕೆ ಮೂರು ಸಲ ಹತ್ತು ಮಂದಿ ಕಲಾವಿದರು ಸಂಗೀತ ನುಡಿಸುತ್ತಿದ್ದರು. ವಸಂತ ಬಂತೆಂದರೆ ಮಲ್ಲಿಗೆ, ಗುಲಾಬಿ, ಹಯಸಿಂತ್ ಮೊದಲಾದ ಹೂಗಳನ್ನೂ ‘ರೇಹಾನ್’ ಎಂಬ ಪರಿಮಳದ ಸಸ್ಯವನ್ನೂ ರೋಗಿಗಳ ಕೈಗೆ ಕೊಡುತ್ತಿದ್ದರು. ರೇಹಾನ್ ಎಂದರೆ ನಮ್ಮ ಕಾಮಕಸ್ತೂರಿಯೇ.

ಎವ್ಲಿಯಾ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತಾನೆ. ಕೊಟ್ಟ ಹೂವನ್ನು ಕೆಲವರು ತಿಂದುಬಿಡುತ್ತಿದ್ದರು, ಕೆಲವರು ಕಾಲಡಿ ಹಾಕಿ ತುಳಿಯುತ್ತಿದ್ದರು. ಆದರೂ ಹೂ ಕೊಡುವ ಪದ್ಧತಿ ನಡೆದೇ ಇತ್ತು. ಮೂಸಿ ಸಂತೋಷಪಡುವವನಿಗೆ ಮಾತ್ರ ಹೂವು ಎಂದು ಅಲ್ಲಿ ಯಾರೂ ಷರತ್ತು ಹಾಕಲಿಲ್ಲ. ಆ ಕಟ್ಟಡ 1997ರಲ್ಲಿ ವೈದ್ಯಕೀಯ ವಸ್ತುಸಂಗ್ರಹಾಲಯವಾಯಿತು. 2004ರಲ್ಲಿ ಅದಕ್ಕೆ ಯುರೋಪ್ ಕೌನ್ಸಿಲಿನ ವಸ್ತುಸಂಗ್ರಹಾಲಯ ಪ್ರಶಸ್ತಿಯೂ ಬಂತು.

ಹಾಗಾದರೆ ಪರಿಮಳ ಆರೈಕೆಯ ಮನೆಯಿಂದ ಹೊರಟುಹೋದದ್ದು ಏಕೆ? ಕಾರಣ ಸರಿಯಾದದ್ದೇ ಆಗಿತ್ತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ, ಒಳ್ಳೆಯ ಪರಿಮಳ ಅದನ್ನು ತಡೆಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಪಾಶ್ಚರನ ಸಂಶೋಧನೆಗಳು ಮುರಿದವು. 1867ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದ ಬಳಕೆಯ ಬಗ್ಗೆ ಬರೆದ. ರೋಗಾಣುಗಳು ಸತ್ತವು, ಅಸಂಖ್ಯ ಜೀವಗಳು ಉಳಿದವು. ಆದರೆ ಆ ಗೆಲುವಿನ ಗದ್ದಲದಲ್ಲಿ, ರೋಗ ವಾಸಿ ಮಾಡದಿದ್ದರೂ ರೋಗಿಗೆ ಹಿತ ಕೊಡುತ್ತಿದ್ದ ಹಲವು ಸಂಗತಿಗಳು ಕಸದ ಜೊತೆ ಹೊರಗೆ ಬಿದ್ದವು.

1937ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟ್‌ಫೊಸೆ ‘ಅರೋಮಾಥೆರಪಿ’ ಎಂಬ ಹೆಸರಿನ ಪುಸ್ತಕ ಬರೆದ ಮೇಲೆ ಪರಿಮಳ ಹೊಸ ವೇಷದಲ್ಲಿ ಮರಳಿತು. ಅದರ ಹೆಸರಿನಲ್ಲಿ ಇಂದು ದೊಡ್ಡ ವ್ಯಾಪಾರವೂ ನಡೆಯುತ್ತಿದೆ. ವಿಜ್ಞಾನ ಏನು ಹೇಳುತ್ತದೆ? 2002ರಲ್ಲಿ ಇಂಗ್ಲೆಂಡಿನ ಆರೈಕೆ ಮನೆಗಳಲ್ಲಿ ತೀವ್ರ ಮರೆವಿನ ಕಾಯಿಲೆಯಿದ್ದ 72 ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತು. ನಿಂಬೆಯ ಪರಿಮಳವಿರುವ ಮೆಲಿಸ್ಸಾ ಗಿಡದ ಎಣ್ಣೆಯನ್ನು ಮುಖಕ್ಕೂ ತೋಳಿಗೂ ಸವರಿದವರಲ್ಲಿ ಚಡಪಡಿಕೆ ಶೇ. 35ರಷ್ಟು ಇಳಿಯಿತು, ಬೇರೆ ಎಣ್ಣೆ ಸವರಿದವರಲ್ಲಿ ಶೇ. 11ರಷ್ಟು. ಆದರೆ 2011ರಲ್ಲಿ ಪ್ರಕಟವಾದ, ಇನ್ನೂ ಬಿಗಿಯಾದ ಪ್ರಯೋಗದಲ್ಲಿ ಮೆಲಿಸ್ಸಾ, ಮಾತ್ರೆ, ಹುಸಿ ಔಷಧಿ ಈ ಮೂರರ ನಡುವೆ ವ್ಯತ್ಯಾಸ ಕಾಣಲಿಲ್ಲ. ಕುತೂಹಲದ ಸಂಗತಿಯೆಂದರೆ, ಮೂರೂ ಗುಂಪಿನವರು ಸಾಕಷ್ಟು ಸುಧಾರಿಸಿದ್ದರು. 2020ರಲ್ಲಿ 13 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ ವರದಿಯೂ ಖಚಿತ ಪುರಾವೆ ಇಲ್ಲವೆಂದಿತು. ಮರೆವಿನ ಕಾಯಿಲೆಯಲ್ಲಿ ಮೂಗಿನ ಶಕ್ತಿ ಬೇಗನೆ ಕುಂದುವುದೂ ಉಂಟು.

ಎಲ್ಲರೂ ಸುಧಾರಿಸಿದ್ದು ಏಕೆ? ದಿನಾಲೂ ಒಬ್ಬರು ಬಂದು ಹತ್ತಿರ ಕುಳಿತು, ಕೈಹಿಡಿದು ಎಣ್ಣೆ ಸವರಿದ್ದಕ್ಕೂ ಅದರಲ್ಲಿ ಪಾಲಿರಬಹುದು ಎಂದು ನಮಗೆ ತೋರುತ್ತದೆ. ಕೈರೋದ ಬೀಸಣಿಗೆ, ಇಬ್ನ್ ಸೀನಾನ ಎಣ್ಣೆ, ಎದಿರ್ನೆಯ ಹೂವು ಇವೆಲ್ಲ ರೋಗಿಯ ಹತ್ತಿರಕ್ಕೆ ಒಂದು ಕೈಯನ್ನು ಕರೆತರುತ್ತಿದ್ದವು.

ಈಗ ನಮ್ಮ ಊರುಗಳ ಕಡೆ ನೋಡೋಣ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಗಳನ್ನು ಸರ್ಕಾರ ಸ್ಥಾಪಿಸಬಹುದು ಎಂದು 2007ರ ಕೇಂದ್ರ ಕಾಯಿದೆ ಹೇಳಿತು. ಅಂಥ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಬಹಳ. ಗಂಡ ಸತ್ತ ದಿನದಿಂದ ಹೂ ಮುಡಿಯಬಾರದೆಂದು ನಮ್ಮ ಸಮಾಜ ಅವರಿಗೆ ವಿಧಿಸಿದೆ. ಮುಸ್ಲಿಂ ಮನೆಗಳೂ ಇದಕ್ಕೆ ಹೊರತಲ್ಲ. ಇದ್ದತ್ತಿನಲ್ಲಿ ಸುಗಂಧದಿಂದ ದೂರವಿರಬೇಕಾದದ್ದು ನಾಲ್ಕು ತಿಂಗಳು ಹತ್ತು ದಿನ ಮಾತ್ರ. ಆದರೂ ಎಷ್ಟೋ ತಾಯಂದಿರು ಆಮೇಲೆ ಜೀವನಪೂರ್ತಿ ಅತ್ತರಿನ ಶೀಶೆ ಮುಟ್ಟುವುದಿಲ್ಲ. ಮುಟ್ಟಿದರೆ ಜನ ಏನೆಂದಾರು ಎಂಬ ಅಂಜಿಕೆ. ನಲವತ್ತು ವರ್ಷ ಹೂವಿಲ್ಲದೆ ಬದುಕಿದ ಮುದುಕಿಯ ದಿಂಬಿನ ಪಕ್ಕ ನಾಲ್ಕು ಮೊಗ್ಗು ಇಡುವುದಕ್ಕೆ ಯಾವ ಪ್ರಯೋಗಾಲಯದ ಅಪ್ಪಣೆಯೂ ಬೇಕಿಲ್ಲ.

ಇದಕ್ಕೆ ದುಬಾರಿ ಶೀಶೆಗಳೂ ಬೇಡ. ಅಂಗಳದಲ್ಲಿ ಕಾಮಕಸ್ತೂರಿ, ದವನ, ಮರುಗ, ಮಲ್ಲಿಗೆಯ ಕುಂಡಗಳಿದ್ದರೆ ಸಾಕು. ಮೊದಲು ಹಾಸಿಗೆ, ಬಟ್ಟೆ ಶುಚಿಯಾಗಿರಬೇಕು. ನಾತವನ್ನು ಮುಚ್ಚಲು ಪರಿಮಳ ಬಳಸುವುದು ಮೋಸ. ಉಬ್ಬಸವಿರುವವರ ಕೋಣೆಯಲ್ಲಿ ಲೋಬಾನದ ಹೊಗೆ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಪರಿಮಳ ಇಷ್ಟ ಎಂದು ಅವರನ್ನೇ ಕೇಳಬೇಕು. ಒಬ್ಬರಿಗೆ ಸಂಪಿಗೆ ಹಬ್ಬದ ನೆನಪು, ಇನ್ನೊಬ್ಬರಿಗೆ ಅದೇ ಸಾವಿನ ಮನೆಯ ನೆನಪು. ಕೊಟ್ಟ ಹೂವನ್ನು ಯಾರಾದರೂ ತುಳಿದರೆ ಬೇಸರಿಸಬೇಕಿಲ್ಲ. ಎದಿರ್ನೆಯ ಆಳುಗಳು ಮರುವರ್ಷದ ವಸಂತದಲ್ಲಿ ಮತ್ತೆ ಹೂ ತರುತ್ತಿದ್ದರು.