ಬಾಯಿ ಒಂದು, ಬೆನ್ನು ಮೂರು: ನೇರ ಅಲಗಿನ ಮಡಚುಚಾಕುಗಳ ಚರಿತ್ರೆ

ಕರ್ನಾಟಕದ ಗಡಿಯ ಸುತ್ತ ಒಮ್ಮೆ ಸುತ್ತಿಬಂದರೆ ಕಿಸೆಯಲ್ಲಿಡುವ ಸಣ್ಣ ಚಾಕುವಿಗೆ ಎರಡು ಬಗೆಯ ಹೆಸರುಗಳು ಎದುರಾಗುತ್ತವೆ. ಸೊಲ್ಲಾಪುರ, ಜತ್ತದ ಕಡೆಯ ಮರಾಠಿಯಲ್ಲಿ, ಆದವಾನಿ, ರಾಯದುರ್ಗದ ಕಡೆಯ ತೆಲುಗಿನಲ್ಲಿ ಅದು ಕನ್ನಡದಲ್ಲಿರುವಂತೆಯೇ 'ಚಾಕು'. ಪಾರಸಿಯ ಮೂಲಕ ದಕ್ಷಿಣಕ್ಕೆ ಇಳಿದ ಈ ಶಬ್ದದ ಮೂಲ ತುರ್ಕಿ. ಇಂದಿನ ತುರ್ಕಿಯಲ್ಲಿಯೂ 'ಚಕಿ' ಎಂದರೆ ಮಡಚುವ ಚಾಕುವೇ. ಕನ್ನಡಕ್ಕೆ ಬರುವ ಹೊತ್ತಿಗೆ ಮಡಚುವಿಕೆಯ ಅರ್ಥ ಸಡಿಲಗೊಂಡು ಅಡುಗೆಮನೆಯ ಚಾಕುವೂ ಅದರೊಳಗೆ ಸೇರಿಕೊಂಡಿತು. ಕಾಸರಗೋಡಿನ ಮಲಯಾಳದಲ್ಲಿ, ತಾಳವಾಡಿ, ಹೊಸೂರುಗಳ ಸುತ್ತಣ ತಮಿಳಿನಲ್ಲಿ ಕಿವಿಗೆ ಬೀಳುವುದು ಇನ್ನೊಂದು ಹೆಸರು: 'ಪೇನಾಕ್ಕತ್ತಿ'. ಕತ್ತಿ ದ್ರಾವಿಡ ಶಬ್ದ. ಪೇನಾ ಪೋರ್ಚುಗೀಸರಿಂದ ಬಂದದ್ದು. ಪೋರ್ಚುಗೀಸಿನಲ್ಲಿ 'ಪೆನ' ಎಂದರೆ ಗರಿ. ಹಕ್ಕಿಯ ಗರಿಯನ್ನು ಹೆರೆದು ಲೇಖನಿ ಮಾಡುತ್ತಿದ್ದ ಕಾಲ ಮುಗಿದು ಒಂದೂವರೆ ಶತಮಾನ ಕಳೆದರೂ, ಆ ಕೆಲಸದ ನೆನಪು ಈ ಎರಡು ಭಾಷೆಗಳ ಸಂತೆಮಾತಿನಲ್ಲಿ ಉಳಿದಿದೆ.

ದಕ್ಷಿಣ ಭಾರತಕ್ಕೆ ಬರಹದ ಜೊತೆಗಿನ ಚಾಕು ಹೊಸದೇನಲ್ಲ. ತಾಳೆಗರಿಯ ಮೇಲೆ ಬರೆಯುವ ಕಂಟಗಳಲ್ಲಿ ಮಡಚುವ ಬಗೆಯದೊಂದಿತ್ತು. ತಮಿಳಿನಲ್ಲಿ ಅದು 'ಮಡಕ್ಕೆಳುತ್ತಾಣಿ'. ಒಂದೇ ಹಿಡಿಯ ಒಂದು ತುದಿಯಲ್ಲಿ ಅಕ್ಷರ ಕೊರೆಯುವ ಮೊನೆ, ಇನ್ನೊಂದು ತುದಿಯಲ್ಲಿ ಓಲೆಯ ಅಂಚನ್ನು ಸಮ ಮಾಡುವ ಸಣ್ಣ ಅಲಗು. ಎರಡೂ ಹಿಡಿಯೊಳಕ್ಕೆ ಮಡಚಿಕೊಳ್ಳುತ್ತವೆ. ಓಲೆ ಸರಿಪಡಿಸುವ ಚಾಕು ಮತ್ತು ಗರಿ ಹೆರೆಯುವ ಚಾಕು ಒಂದನ್ನೊಂದು ಅರಿಯದೆ ಬೆಳೆದ ಸೋದರರು. ಆದರೆ ಪೇನಾಕ್ಕತ್ತಿ ಎಂಬ ಹೆಸರು ಹೊತ್ತು ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಿಂದಿಳಿದ ಚಾಕುಗಳ ದೊಡ್ಡ ತವರು ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿನ ಚಾಕುಗಳಲ್ಲಿ ನೇರ ಬಾಯಿಯ ಮೂರು ಮಾದರಿಗಳಿದ್ದವು. ಅವುಗಳ ನಡುವಣ ಆಯ್ಕೆ ಇಂದು ಸಂಗ್ರಹಕಾರರ ಅಭಿರುಚಿಯ ಸಂಗತಿಯಂತೆ ತೋರುತ್ತದೆ. ಮೂಲದಲ್ಲಿ ಅದು ಕಸುಬಿನ ಆಯ್ಕೆಯಾಗಿತ್ತು.

ಮೂರೂ ಮಾದರಿಗಳಲ್ಲಿ ಅಲಗಿನ ಬಾಯಿ, ಎಂದರೆ ಕೊಯ್ಯುವ ಅಂಚು, ಅಳತೆಪಟ್ಟಿಯಂತೆ ನೇರ. ವ್ಯತ್ಯಾಸವಿರುವುದು ಬೆನ್ನಿನಲ್ಲಿ. 'ಶೀಪ್ಸ್‌ಫುಟ್' ಅಥವಾ ಕುರಿಗೊರಸಿನ ಅಲಗಿನಲ್ಲಿ ಬೆನ್ನು ಬಾಯಿಗೆ ಸಮಾನಾಂತರವಾಗಿ ಬಹುದೂರ ಸಾಗಿ, ತುದಿಯಲ್ಲಿ ಥಟ್ಟನೆ ದುಂಡಗೆ ಕೆಳಗಿಳಿಯುತ್ತದೆ. ಮೊನೆಯೆಂಬುದು ಇಲ್ಲವೆನ್ನುವಷ್ಟು ಮೊಂಡು. 'ಲ್ಯಾಂಬ್ಸ್‌ಫುಟ್' ಅಥವಾ ಮರಿಗೊರಸಿನಲ್ಲಿ ಬೆನ್ನು ಹಿಡಿಯಿಂದಲೇ ಅಷ್ಟಷ್ಟಾಗಿ ಬಾಯಿಯತ್ತ ಇಳಿಜಾರಾಗುತ್ತ ಹೋಗಿ, ಕೊನೆಯಲ್ಲಿ ಓರೆಯಾಗಿ ಕತ್ತರಿಸಿದಂತೆ ಮುಗಿಯುತ್ತದೆ. 'ವಾರ್ನ್‌ಕ್ಲಿಫ್'ನಲ್ಲಿ ಬೆನ್ನು ಉದ್ದವಾದ ಬಾಗಿನಿಂದ ಇಳಿದು ಸೂಜಿಯಂಥ ಮೊನೆಯಲ್ಲಿ ಬಾಯಿಯನ್ನು ಸೇರುತ್ತದೆ. ಹೀಗೆ ಮೊಂಡು, ಮಧ್ಯಮ, ಚೂಪು ಎಂಬ ಮೂರು ಮೊನೆಗಳು ಒಂದೇ ನೇರ ಗೆರೆಯ ತುದಿಯಲ್ಲಿ ಕುಳಿತಿವೆ.

ರೂಪ ಮಾತ್ರ ಹೆಸರುಗಳಿಗಿಂತ ಬಹಳ ಹಳೆಯದು. 1857ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಬಳಿ ಥೇಮ್ಸ್ ನದಿಯಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಹತ್ತನೆಯ ಶತಮಾನದ 'ಸೀಕ್ಸ್' ಒಂದು ನೀಳವಾದ ಒಂದೇ ಬಾಯಿಯ ಕತ್ತಿ. ಅದರ ಬೆನ್ನು ಸ್ವಲ್ಪ ದೂರ ಸಾಗಿ ಮುರಿದಂತೆ ಓರೆಯಾಗಿ ಮೊನೆಗಿಳಿಯುತ್ತದೆ. ಬೆಯಾಗ್ನೋತ್ ಎಂಬ ಹೆಸರಿನ ಜೊತೆಗೆ ಆಂಗ್ಲೋ-ಸ್ಯಾಕ್ಸನ್ ರೂನ್ ಲಿಪಿಯ 28 ಅಕ್ಷರಗಳ ಮಾಲೆಯನ್ನೂ ಅದರ ಅಲಗಿನಲ್ಲಿ ಕೆತ್ತಿದ್ದಾರೆ. ಲಿಪಿತಜ್ಞರು ಅದನ್ನು ಅಕ್ಷರಗಳಿಗಾಗಿ ಓದುತ್ತಾರೆ. ಚಾಕುವಿನ ಚರಿತ್ರೆ ಬರೆಯುವವನಿಗೆ ಬೇಕಾದದ್ದು ಆ ಬೆನ್ನಿನ ಗೆರೆ. ಈ ಸೀಕ್ಸ್ ಮಡಚುವಂಥದ್ದಲ್ಲ, ಶೆಫೀಲ್ಡಿನ ಚಾಕುಗಳು ಅದರ ನೇರ ಸಂತತಿಯೆಂದು ಹೇಳಲೂ ಬಾರದು. ಆದರೂ ಬೆನ್ನನ್ನು ಬಾಯಿಯ ಕಡೆಗೆ ಇಳಿಸುವ ಉಪಾಯವನ್ನು ಹತ್ತೊಂಬತ್ತನೆಯ ಶತಮಾನದ ಯಾರೋ ಕಂಡುಹಿಡಿದರೆಂಬ ಮಾತಿಗೆ ಅದೊಂದೇ ಸಾಕಷ್ಟು ಉತ್ತರ.

ಅಂಥ ಮಾತೊಂದು ಪ್ರಚಾರದಲ್ಲಿದೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಅಂಡ್ ಸನ್ಸ್ ಕಂಪನಿ 1911ರಲ್ಲಿ ತನ್ನ ಚರಿತ್ರೆಯನ್ನು ತಾನೇ ಪುಸ್ತಿಕೆಯಾಗಿ ಪ್ರಕಟಿಸಿತು. ಕಂಪನಿ ಹೇಳಿಕೊಂಡು ಬಂದ ಕಥೆಯ ಪ್ರಕಾರ ಲಾರ್ಡ್ ವಾರ್ನ್‌ಕ್ಲಿಫ್ ಮತ್ತು ಅವನ ನಂಟ ಆರ್ಚ್‌ಡೀಕನ್ ಕಾರ್ಬೆಟ್ ಒಂದು ರಾತ್ರಿಯ ಊಟದ ನಂತರ, ಚಾಕುಗಳಲ್ಲಿ ಹೊಸತನವೇ ಇಲ್ಲವಲ್ಲ ಎಂದು ಮಾತಾಡಿಕೊಂಡು, ತಾವೇ ಒಂದು ಮಾದರಿಯನ್ನು ಕಲ್ಪಿಸಿ ಕಂಪನಿಗೆ ಕಳಿಸಿದರಂತೆ. ಕಥೆ ನಡೆದದ್ದೆನ್ನಲಾದ ಕಾಲಕ್ಕೂ ಪುಸ್ತಿಕೆಯ ಕಾಲಕ್ಕೂ ನಡುವೆ ಮುಕ್ಕಾಲು ಶತಮಾನದಷ್ಟು ಅಂತರವಿದೆ. ವಾರ್ನ್‌ಕ್ಲಿಫ್ ಎಂಬ ಬ್ಯಾರನ್ ಪದವಿ ಹುಟ್ಟಿದ್ದೇ 1826ರಲ್ಲಿ. ಅದಕ್ಕಿಂತ ಮೊದಲು ಈ ಹೆಸರಿನ ಚಾಕು ಇರಲಾರದು. ಆ ಹೆಸರು ಮೊದಲು ಅಂಟಿದ್ದೂ ಬರಿಯ ಅಲಗಿಗಲ್ಲ, ಹಾವಿನಂತೆ ಬಳುಕುವ ಹಿಡಿಯೂ ಸೇರಿದ ಇಡೀ ಚಾಕುವಿಗೆ. ಹಿಡಿಯ ಬಳುಕು ಮರೆಯಾಗಿ ಹೆಸರು ಅಲಗಿನಲ್ಲಿ ನಿಂತಿತು. ಶ್ರೀಮಂತರು ಬೇಡಿಕೆ ಇಟ್ಟದ್ದು ನಿಜವಿರಬಹುದು. ಮಾರಾಟದ ದೃಷ್ಟಿಯಿಂದ ಲಾರ್ಡ್ ಒಬ್ಬನ ಹೆಸರು ಕುರಿಯ ಗೊರಸಿಗಿಂತ ಬೆಲೆಬಾಳುವುದೂ ಅಷ್ಟೇ ನಿಜ.

ಹೆಸರಿನೊಳಗೆ ಇನ್ನೊಂದು ಹೆಸರಿದೆ. ಶೆಫೀಲ್ಡಿನ ವಾಯವ್ಯಕ್ಕೆ ವಾರ್ನ್‌ಕ್ಲಿಫ್ ಎಂಬ ಕಡಿದಾದ ಬಂಡೆಸಾಲು. ಹಳೆಯ ಇಂಗ್ಲಿಷಿನಲ್ಲಿ ಆ ಶಬ್ದದ ಅರ್ಥ ಬೀಸುಕಲ್ಲಿನ ಬಂಡೆ. ರೋಮನ್ನರ ಕಾಲಕ್ಕಾಗಲೇ ಅಲ್ಲಿ ಬೀಸುಕಲ್ಲುಗಳನ್ನು ಕಡಿಯುತ್ತಿದ್ದರು. ಶ್ರೀಮಂತನ ಬಿರುದನ್ನು ಬಿಡಿಸುತ್ತ ಹೋದರೆ ಕೊನೆಗೆ ಸಿಗುವುದು ಕಲ್ಲುಕುಟಿಗರ ಕಸುಬೇ.

ಶೆಫೀಲ್ಡ್ ಬಲಿತದ್ದು ನೀರು ಮತ್ತು ಕಲ್ಲುಗಳ ಬಲದಿಂದ. ಚಾಸರ್ ಕವಿಯ ಹದಿನಾಲ್ಕನೆಯ ಶತಮಾನದ ಕಥೆಯೊಂದರಲ್ಲಿ ಹಿಟ್ಟಿನ ಗಿರಣಿಯವನು ಸಿಕ್ಕಿಸಿಕೊಂಡಿರುವ ಚೂರಿ ಶೆಫೀಲ್ಡಿನದು. 1624ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಹ್ಯಾಲಮ್‌ಶೈರ್ ಚಾಕುಗಾರರ ಸಂಘ ಸ್ಥಾಪನೆಯಾಗಿ ಮುದ್ರೆಗಳ ಹಕ್ಕನ್ನು ಕಾಯತೊಡಗಿತು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆಯಲ್ಲಿ ಉಕ್ಕನ್ನು ಕರಗಿಸುವ ವಿಧಾನವನ್ನು ರೂಢಿಗೆ ತಂದ. 1816ರಲ್ಲಿ ಜೋಸೆಫ್ ಸ್ಮಿತ್ ಎಂಬಾತ ಊರಿನ ಸರಕುಗಳ ಕೆತ್ತನೆಚಿತ್ರಗಳನ್ನು ಒಟ್ಟುಗೂಡಿಸಿ ವರ್ತಕರಿಗಾಗಿ ಪುಸ್ತಕ ಮಾಡಿದ. ಅಲ್ಲಿಯ ತನಕ ಕುಲುಮೆಯಿಂದ ಕುಲುಮೆಗೆ ಬಾಯಿಮಾತಿನಲ್ಲಿ ಸಾಗುತ್ತಿದ್ದ ಮಾದರಿಗಳಿಗೆ ಚಿತ್ರ, ಸಂಖ್ಯೆ, ದರಗಳ ರೂಪ ಬರತೊಡಗಿದ್ದು ಇಂಥ ಪುಸ್ತಕಗಳಿಂದ.

ಒಂದು ಚಾಕು ಒಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಬಡಿಯುವವನು ಬೇರೆ, ಸಾಣೆಯವನು ಬೇರೆ, ಸ್ಪ್ರಿಂಗು ಮತ್ತು ಹಿಡಿಗಳನ್ನು ಹೊಂದಿಸಿ ಜೋಡಿಸುವವನು ಬೇರೆ. ಸಾಣೆಯವನ ಪಾಲಿಗೆ ಬಂದದ್ದು ಕಲ್ಲಿನ ಧೂಳು. 1845ರ ತನ್ನ ಪುಸ್ತಕದಲ್ಲಿ ಎಂಗೆಲ್ಸ್, ಶೆಫೀಲ್ಡಿನ ವೈದ್ಯನೊಬ್ಬನ ಆಧಾರದಿಂದ, ಒಣಸಾಣೆಯವರ ಸರಾಸರಿ ಆಯುಸ್ಸು 35 ವರ್ಷವನ್ನು ಮುಟ್ಟುವುದೇ ಕಷ್ಟ, ನೀರುಸಾಣೆಯವರದು 45 ದಾಟುವುದು ವಿರಳ ಎಂದು ದಾಖಲಿಸಿದ್ದಾನೆ. ಊಟದ ಮೇಜಿನ ಇಬ್ಬರ ಹೆಸರು ಉಳಿದು, ಅವರ ಅಲಗಿನ ಬಾಗನ್ನು ಕಲ್ಲಿನ ಮೇಲೆ ಮೂಡಿಸಿದವನ ಹೆಸರು ಅಳಿದದ್ದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ಓದಬೇಕು.

ಆಯ್ಕೆಯ ಪ್ರಶ್ನೆಗೆ ಬಂದರೆ, ಹೊಟ್ಟೆಯುಬ್ಬಿದ ಬಾಯಿಗೂ ನೇರ ಬಾಯಿಗೂ ಕೆಲಸದಲ್ಲಿ ಮೂಲಭೂತ ಭೇದವಿದೆ. ಬಾಗಿದ ಬಾಯಿಯು ತುದಿಯತ್ತ ಮೇಲೇರುವುದರಿಂದ ಎಳೆದು ಕೊಯ್ಯುವಾಗ ವಸ್ತುವಿನಿಂದ ದೂರ ಸರಿಯುತ್ತದೆ. ಪ್ರಾಣಿಯ ಚರ್ಮ ಸುಲಿಯುವವನಿಗೆ ಅದೇ ಅನುಕೂಲ. ನೇರ ಬಾಯಿ ಹಲಗೆಯ ಮೇಲೆ ಉದ್ದಕ್ಕೂ ಕೂರುತ್ತದೆ, ಕೈಯ ಬಲ ಮೊನೆಯವರೆಗೆ ಕುಂದದೆ ತಲುಪುತ್ತದೆ. ತೊಗಲನ್ನು ಗೆರೆ ಹಿಡಿದು ಕತ್ತರಿಸುವವನಿಗೆ, ಮರ ಕೆತ್ತುವವನಿಗೆ, ಕಸಿ ಕಟ್ಟುವ ತೋಟಗಾರನಿಗೆ ಬೇಕಾದದ್ದು ಇದು. ಚಪ್ಪಟೆ ಸಾಣೆಕಲ್ಲೊಂದಿದ್ದರೆ ಮೊನೆಗಾಗಿ ಮಣಿಕಟ್ಟನ್ನು ತಿರುಗಿಸದೆಯೇ ಹರಿತಗೊಳಿಸಬಹುದು. ಮಡಚಿದಾಗ ಮೊನೆ ಬಾಯಿಯ ಮಟ್ಟದಲ್ಲೇ ಹಿಡಿಯ ಆಳಕ್ಕೆ ಹೋಗುವುದರಿಂದ ಕಿಸೆಯನ್ನಾಗಲಿ ಬೆರಳನ್ನಾಗಲಿ ಚುಚ್ಚುವುದಿಲ್ಲ.

ನೇರ ಬಾಯಿಯವುಗಳೊಳಗೆ ಯಾವುದೆಂಬುದನ್ನು ಮೊನೆ ನಿರ್ಧರಿಸುತ್ತಿತ್ತು. ಹೊಯ್ದಾಡುವ ಹಡಗಿನಲ್ಲಿ, ಬಿಗಿದ ಹಗ್ಗದ ಪಕ್ಕದಲ್ಲಿ ಚೂಪುಮೊನೆ ಅಪಾಯ. ನಾವಿಕನಿಗೆ ಕುರಿಗೊರಸೇ ಸರಿ: ಹಗ್ಗದ ಮೇಲೆ ಬಾಯಿಯನ್ನಿಟ್ಟು ದಪ್ಪ ಬೆನ್ನಿನ ಮೇಲೆ ಮರದ ತುಂಡಿನಿಂದ ಹೊಡೆದರೂ ಅಲಗು ತಡೆಯುತ್ತದೆ. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಮಡಚುಚಾಕುಗಳಲ್ಲಿಯೂ ಡಬ್ಬಿ ತೆರೆಯುವ ಉಪಕರಣ, ಗಂಟು ಬಿಡಿಸುವ ಉಕ್ಕಿನ ಸರಳು ಇವುಗಳ ಜೊತೆಗಿದ್ದದ್ದು ಕುರಿಗೊರಸಿನ ಅಲಗು. ಕುರಿಯ ಗೊರಸನ್ನು ಹೆರೆಯಲು ಬಳಸುತ್ತಿದ್ದರಿಂದ ಆ ಹೆಸರೋ, ಗೊರಸಿನ ಆಕಾರದಿಂದಲೋ ಎಂಬ ವಾದ ಮುಗಿದಿಲ್ಲ. ಎರಡೂ ಕಾರಣಗಳು ಒಟ್ಟಿಗಿರಲು ಅಡ್ಡಿಯಿಲ್ಲ. ವಾರ್ನ್‌ಕ್ಲಿಫ್ ಇದರ ಎದುರು ತುದಿ. ಸೂಕ್ಷ್ಮವಾದ ಗಾಯಿ ಕೊರೆಯುವುದಕ್ಕೆ, ಸಿಬಿರು ತೆಗೆಯುವುದಕ್ಕೆ ಅದಕ್ಕೆ ಸಮನಿಲ್ಲ. ಆದರೆ ಮೊನೆಯಲ್ಲಿ ಉಕ್ಕು ತೆಳು, ಒತ್ತಿ ಮೀಟಿದರೆ ಮುರಿಯುತ್ತದೆ. ಮೇಜು ಕುರ್ಚಿಯ ಕೆಲಸದ ಚಾಕು ಅದು. ರೈತರ, ತೋಟಗಾರರ ಕಿಸೆಯಲ್ಲಿ ಇಂಗ್ಲೆಂಡಿನಾದ್ಯಂತ ಬಾಳಿದ್ದು ಮರಿಗೊರಸು. ಮೂಟೆಯ ದಾರ ಹರಿಯುವಷ್ಟು ಮೊನೆ, ಎಡವಿದರೆ ಮುರಿಯದಷ್ಟು ದಪ್ಪ. ಒಂದೇ ಅಲಗಿನ ಚಾಕು ಕೊಳ್ಳಬಲ್ಲವನು ಮರಿಗೊರಸನ್ನು ಕೊಂಡ. ಎರಡು ಮೂರು ಅಲಗುಗಳಿದ್ದಲ್ಲಿ ಕುರಿಗೊರಸು ಬೇರೆ ಅಲಗುಗಳಿಗೆ ಜೊತೆಯಾಯಿತು. ಅಮೆರಿಕದ ದನಗಾಹಿಗಳ ಮೂರಲಗಿನ ಚಾಕುವಿನಲ್ಲಿ ಇಂದಿಗೂ ಹಾಗೆಯೇ. ಮೂರರಲ್ಲಿ ಅತಿ ಕಡಿಮೆ ಬರೆಯಲ್ಪಟ್ಟದ್ದು ಮರಿಗೊರಸೇ. ಅದಕ್ಕೆ ಲಾರ್ಡನ ಕಥೆಯಿಲ್ಲ, ಸಮುದ್ರದ ಸಾಹಸವಿಲ್ಲ.

ಗರಿಲೇಖನಿಯ ಚಾಕು ಕೆಲಸ ಕಳೆದುಕೊಂಡದ್ದು ಇದೇ ಕಾಲದಲ್ಲಿ. ಯಂತ್ರದಲ್ಲಿ ಒತ್ತಿದ ಉಕ್ಕಿನ ನಿಬ್ಬುಗಳನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಅಗ್ಗವಾಗಿಸಿದವರಲ್ಲಿ ಪ್ರಮುಖನಾದ ಜೋಸೆಫ್ ಗಿಲಟ್ ಹುಟ್ಟಿದ್ದು ಶೆಫೀಲ್ಡಿನಲ್ಲಿ, ಮೊದಲು ದುಡಿದದ್ದು ಅಲ್ಲಿನ ಚಾಕುಕಸುಬಿನಲ್ಲಿ. ಕೆಲಸ ಹೋದರೂ ಚಾಕು ಹೋಗಲಿಲ್ಲ. ಹಣ್ಣು, ಪೆನ್ಸಿಲು, ತಂಬಾಕುಗಳ ಆಸರೆ ಹಿಡಿದು ವಸಾಹತುಗಳ ಪೇಟೆಗೆ ಹರಿಯಿತು. ರಾಜರ್ಸ್ ಕಂಪನಿಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಮುದ್ರೆ ಇಂಗ್ಲಿಷ್ ಓದಲಾರದವನಿಗೂ ಗುರುತಾಗುವಂಥದ್ದು, ಆದ್ದರಿಂದಲೇ ನಕಲಿಗೂ ಸುಲಭ. ಸಿಂಹಳದಲ್ಲಿ ಆ ಕಂಪನಿಯ ಹೆಸರೇ ಉತ್ಕೃಷ್ಟ ಎಂಬರ್ಥದ ವಿಶೇಷಣವಾಯಿತೆಂದು ಕಂಪನಿಯ ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. ಸಿಂಹಳ ಬಲ್ಲವರ ಸಾಕ್ಷ್ಯವನ್ನೂ ಅವರು ಕೇಳಿದ್ದರೆ ಚೆನ್ನಿತ್ತು. ಸುಳ್ಳು ಮುದ್ರೆಗಳನ್ನು ತಡೆಯಲು ಇಂಗ್ಲೆಂಡಿನಲ್ಲಿ 1887ರಲ್ಲಿ, ಭಾರತದಲ್ಲಿ 1889ರಲ್ಲಿ ಸರಕುಮುದ್ರೆಗಳ ಕಾಯಿದೆಗಳು ಬಂದವು. ಕಾಯಿದೆ ಕಾಯ್ದದ್ದು ಮುದ್ರೆಗಳನ್ನು. ಮಾದರಿಗಳ ಹೆಸರಿಗೆ ಕಾವಲಿರಲಿಲ್ಲ.

ಅದರ ಪರಿಣಾಮ ಈಗ ಕಾಣುತ್ತಿದೆ. ಅಮೆರಿಕದ ತಯಾರಕರ ಪಟ್ಟಿಗಳಲ್ಲಿ ಬೆನ್ನು ಹೇಗಿದ್ದರೂ, ನೇರ ಬಾಯಿಯ ಚೂಪು ಅಲಗೆಲ್ಲ ವಾರ್ನ್‌ಕ್ಲಿಫ್ ಆಗಿದೆ. ಮರಿಗೊರಸೂ ಕೆಲವೆಡೆ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಬ್ರಿಟನ್ನಿನಲ್ಲಿ 1988ರ ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದಾದ ಮಡಚುಚಾಕುವಿನ ಬಾಯಿಯ ಉದ್ದವನ್ನು 3 ಅಂಗುಲಕ್ಕೆ ಮಿತಿಗೊಳಿಸಿತು; ತೆರೆದಾಗ ಕೀಲಿ ಬೀಳುವ ಚಾಕುಗಳಿಗೆ ಆ ವಿನಾಯಿತಿ ಇಲ್ಲವೆಂದು ನ್ಯಾಯಾಲಯ ಮುಂದೆ ಸ್ಪಷ್ಟಪಡಿಸಿತು. ಬೆನ್ನಸ್ಪ್ರಿಂಗಿನ ಒತ್ತಡ ಮಾತ್ರದಿಂದ ನಿಲ್ಲುವ ಹಳೆಯ ಮಾದರಿಗಳಿಗೆ ಹೀಗೆ ಕಾನೂನೇ ಅಲ್ಪಸ್ವಲ್ಪ ಆಯುಸ್ಸು ಕೊಟ್ಟಿದೆ.

ಹಳೆಯ ಪೆಟ್ಟಿಗೆಯಿಂದ ಹೊರಬಂದ ಚಾಕುವನ್ನು ದಾಖಲಿಸುವವರಿಗೆ ಇನ್ನೊಂದು ತೊಡಕಿದೆ. ಮೂವತ್ತು ನಲವತ್ತು ವರ್ಷ ಸಾಣೆ ಕಂಡ ಅಲಗಿನ ಬಾಯಿ ನೇರವಾಗಿ ಉಳಿದಿರುವುದಿಲ್ಲ. ನಡುವೆ ಸವೆದು ಒಳಬಾಗಿರುತ್ತದೆ, ಇಲ್ಲವೇ ಅವಸರದ ಕೈ ಮೊನೆಯನ್ನು ಎತ್ತಿ ದುಂಡಗಾಗಿಸಿರುತ್ತದೆ. ಬೆನ್ನಿಗೆ ಯಾರೂ ಸಾಣೆ ಹಿಡಿಯುವುದಿಲ್ಲ. ಆದ್ದರಿಂದ ಮಾದರಿಯನ್ನು ಗುರುತಿಸುವಾಗ ಚಾಕುವನ್ನು ತಿರುಗಿಸಿ ಬೆನ್ನನ್ನು ಮೊದಲು ಅಳೆಯಬೇಕು: ಇಳಿಜಾರು ಹಿಡಿಯಿಂದ ಎಷ್ಟು ದೂರದಲ್ಲಿ ಆರಂಭವಾಗುತ್ತದೆ, ಮೊನೆಯ ಬಳಿ ಎಷ್ಟು ದಪ್ಪ ಉಳಿದಿದೆ, ಕೊನೆಯ ಓರೆ ಥಟ್ಟನೆಯದೋ ನಿಧಾನದ್ದೋ. ತಂದುಕೊಟ್ಟವರು ಅದನ್ನು ಚಾಕು ಎಂದರೋ ಪೇನಾಕ್ಕತ್ತಿ ಎಂದರೋ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆದಿಡಬೇಕು.